ಪುಟಾಣಿ ಗರಿ ಉದುರಿಸಿದ ಆಷಾಢ

ಮನೆಗೆ ಲವ್ ಬರ್ಡ್ಸ್ ತಂದವರಿಗೆಲ್ಲ ಒಂದಲ್ಲ ಒಂದು ದಿನ ಈ ಗಾಬರಿ ಬಂದೇ ಬರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಪಂಜರದ ತಳಕ್ಕೆ ಹಾಸಿದ ಪೇಪರ್ ಮೇಲೆ ಹತ್ತಿಪ್ಪತ್ತು ಗರಿ. ಮರುದಿನ ಇನ್ನಷ್ಟು. ಹಕ್ಕಿ ಸಪ್ಪಗೆ ಕೂತಿದೆ, ತಲೆ ತುಂಬ ಬಿಳಿ ಮುಳ್ಳು ಎದ್ದಿವೆ. ಮೊಬೈಲ್ ತೆಗೆದು ಹುಡುಕಿದರೆ ಅರ್ಧ ಜನ "ಏನೂ ಆಗಲ್ಲ ಬಿಡಿ" ಅಂತಾರೆ. ಇನ್ನರ್ಧ ಜನ ಕೇಳಿದರೇ ಎದೆ ಝಲ್ಲೆನ್ನುವ ಕಾಯಿಲೆ ಹೆಸರು ಹೇಳುತ್ತಾರೆ. ನಿಮ್ಮ ಹಕ್ಕಿಯ ವಿಷಯದಲ್ಲಿ ಯಾರ ಮಾತು ನಿಜ ಅಂತ ತಿಳಿಯೋದು ಹೇಗೆ? ಈ ಲೇಖನ ಅದರ ಬಗ್ಗೆ.

ಮೊದಲು ಹೆಸರಿನ ವಿಷಯ. ನಮ್ಮ ಕಡೆ ಲವ್ ಬರ್ಡ್ಸ್ ಅಂತ ಮಾರುವ ಹಕ್ಕಿ ಬಹುಪಾಲು ನಿಜವಾದ ಲವ್ ಬರ್ಡ್ ಅಲ್ಲ. ಅದು ಬಜರಿಗರ್, ಪ್ರೀತಿಯಿಂದ ಬಜ್ಜಿ. ತವರು ಆಸ್ಟ್ರೇಲಿಯಾದ ಒಣ ಹುಲ್ಲುಗಾವಲು. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ. ಅಲ್ಲಿಂದ ಜಗತ್ತಿನ ಮನೆಮನೆಗೆ ಹರಡಿದವು. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಗಿಡ್ಡ ಬಾಲದ್ದು.

ನಮ್ಮ ಮನೆಯ ಹಕ್ಕಿಯೂ ಬಜ್ಜಿಯೇ. ಹೆಸರು ಪುಟಾಣಿ. ಊರು ಗದಗ ಜಿಲ್ಲೆಯ ಡಂಬಳ. ದೊಡ್ಡಬಸಪ್ಪನ ಗುಡಿಯಿಂದ, ಆ ನಕ್ಷತ್ರದ ಆಕಾರದ ಚಾಲುಕ್ಯರ ಕಾಲದ ಕಟ್ಟಡದಿಂದ, ಹೆಸರಾದ ಊರು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಅಜ್ಜ ಹೋದ ಮೇಲೆ ಅಜ್ಜಿ ಮಾತೇ ಕಡಿಮೆ ಮಾಡಿಬಿಟ್ಟಿದ್ದಳು. ಮೇ ತಿಂಗಳಲ್ಲಿ ಎರಡು ತಿಂಗಳ ಮರಿಯೊಂದನ್ನು ಗದಗಿನಿಂದ ತಂದುಕೊಟ್ಟೆ. ವಾರ ಕಳೆಯೋದರೊಳಗೆ ಅಜ್ಜಿ ಅದರ ಜೊತೆ ದಿನವಿಡೀ ಮಾತಿಗಿಳಿದಳು. ಅವ್ವನಿಗೆ ಹೇಳದ ಮಾತನ್ನೂ ಪುಟಾಣಿಗೆ ಹೇಳುತ್ತಿದ್ದಳು.

"ಗಿಳಿನ ತರಬೇಕಿತ್ತಲ್ಲೋ, ಮಾತಾಡ್ತಿತ್ತು" ಅಂದವರೂ ಇದ್ದಾರೆ. ನಮ್ಮ ಹೊಲದಲ್ಲಿ ಜೋಳದ ತೆನೆಗೆ ಎರಗುವ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಬಜ್ಜಿ ತಲೆಮಾರುಗಳಿಂದ ಮನುಷ್ಯರ ಕೈಯಲ್ಲೇ ಹುಟ್ಟಿ ಬೆಳೆದ ವಿದೇಶಿ ಹಕ್ಕಿ, ಹಾಗಾಗಿ ಅದಕ್ಕೆ ಈ ತೊಡಕಿಲ್ಲ.

ಜುಲೈ ಬಂತು. ನನಗೆ ಆರು ವಾರ ಊರಿನಿಂದಲೇ ಕೆಲಸ ಮಾಡಲು ಅನುಮತಿ ಸಿಕ್ಕಿತ್ತು. ಆಗ ಪುಟಾಣಿಗೆ ನಾಲ್ಕು ತಿಂಗಳು. ಗರಿ ಉದುರಲು ಶುರುವಾಯಿತು.

ಗರಿ ಯಾಕೆ ಉದುರುತ್ತದೆ?

ಬಲಿತ ಗರಿ ಅಂದರೆ ನಮ್ಮ ಉಗುರು, ಕೂದಲಿನ ಹಾಗೆ ಜೀವವಿಲ್ಲದ ವಸ್ತು. ಕೆರಾಟಿನ್ ಎಂಬ ಪ್ರೋಟೀನ್‌ನಿಂದ ಆದದ್ದು. ಸವೆದರೆ, ಮುರಿದರೆ ರಿಪೇರಿ ಇಲ್ಲ. ಹಳೆಯದನ್ನು ಬಿಸಾಕಿ ಹೊಸದು ಬೆಳೆಸಿಕೊಳ್ಳಬೇಕು, ಅಷ್ಟೇ.

ಬಜ್ಜಿ ಮರಿಗೆ ಇದು ಮೊದಲ ಸಲ ಆಗೋದು ಹೆಚ್ಚುಕಡಿಮೆ ಮೂರು-ನಾಲ್ಕು ತಿಂಗಳಿಗೆ. ಮರಿಯ ಹಣೆ ನೋಡಿದ್ದೀರಾ? ಮೂಗಿನ ತನಕ ಕಪ್ಪು ಗೆರೆಗಳಿರುತ್ತವೆ. ಮೊದಲ ಸಲ ಗರಿ ಬದಲಾದಾಗ ಆ ಗೆರೆ ಹೋಗಿ ಹಣೆ ಸ್ವಚ್ಛವಾಗುತ್ತದೆ, ಪುಟಾಣಿಯದು ಅಚ್ಚ ಹಳದಿ ಆಯಿತು. ಬರುವ ತಿಂಗಳುಗಳಲ್ಲಿ ಕಪ್ಪುಗಣ್ಣಿನ ಸುತ್ತ ಬಿಳಿ ಬಳೆ ಮೂಡುತ್ತದೆ. ಕೊಕ್ಕಿನ ಮೇಲಿನ ದಪ್ಪ ಭಾಗ ಸಾಮಾನ್ಯವಾಗಿ ಗಂಡಿಗೆ ನೀಲಿ, ಹೆಣ್ಣಿಗೆ ಕಂದು ಆಗುತ್ತದೆ. ಒಟ್ಟಿನಲ್ಲಿ ಮರಿ ಪ್ರಾಯಕ್ಕೆ ಬರುತ್ತಿದೆ ಅನ್ನೋದರ ಗುರುತು ಇದು.

ಹೊಸ ಗರಿ ಮುಳ್ಳಿನ ಹಾಗೆ ಚರ್ಮದಿಂದ ಹೊರಗೆ ಬರುತ್ತದೆ. ಮೇಲೊಂದು ಕವಚ, ಒಳಗೆ ರಕ್ತ ಹರಿಯುತ್ತಿರುತ್ತದೆ. ಗರಿ ಬಲಿತಂತೆ ರಕ್ತ ಹಿಂದೆ ಸರಿಯುತ್ತದೆ, ಕವಚ ಒಣಗಿ ಬೆಳ್ಳಗಾಗಿ ಹೊಟ್ಟಿನಂತೆ ಉದುರುತ್ತದೆ. ಪಂಜರದ ಸುತ್ತ ಬಿಳಿ ಪುಡಿ ಕಂಡರೆ ಅದು ಇದೇ.

ಪಕ್ಕದ ಮನೆಯ ಆಯಿ ಕೋಳಿ ಸಾಕಿದ್ದಾರೆ. ನಾನು ಎರಡು ರಾತ್ರಿ ಮೊಬೈಲ್‌ನಲ್ಲಿ ಓದಿದ್ದನ್ನು ಅವರು ಕಟ್ಟೆ ಮೇಲೆ ಕೂತು ಎರಡು ಮಾತಲ್ಲಿ ಹೇಳಿದರು. "ನಮ್ಮ ಕೋಳಿನೂ ಹಿಂಗ ಪುಕ್ಕ ಉದುರಸ್ತಾವು ತಮ್ಮಾ. ಆವಾಗ ತತ್ತಿ ಇಡೂದು ಬಂದ್ ಮಾಡ್ತಾವು. ಮೈಯಾಗಿನ ಕಸುವೆಲ್ಲಾ ಪುಕ್ಕಕ್ಕ ಹೋಕ್ಕೈತಿ."

ಇಡೀ ವಿಷಯದ ತಿರುಳು ಇದು. ಗರಿ ಬೆಳೆಸೋದು ಹಕ್ಕಿಗೆ ದುಬಾರಿ ಕೆಲಸ. ಪ್ರೋಟೀನ್ ಬೇಕು, ಶಕ್ತಿ ಬೇಕು. ಹಳೆ ಗರಿ ಹೋಗಿ ಹೊಸದು ಬರೋ ತನಕ ಮೈ ಬೆಚ್ಚಗಿಡುವ ಹೊದಿಕೆಯೂ ತೆಳ್ಳಗಾಗಿರುತ್ತದೆ. ಹಾಗಾಗಿ ಈ ಕೆಲವು ವಾರ ಹಕ್ಕಿ ಹೆಚ್ಚು ನಿದ್ದೆ ಮಾಡುತ್ತದೆ, ಕಡಿಮೆ ಕೂಗುತ್ತದೆ, ಕೈಗೆ ಬರಲು ಒಲ್ಲೆ ಅನ್ನುತ್ತದೆ. ಇವೆಲ್ಲ ಸಹಜ.

ಅದೇ ತಿಂಗಳು, ದೊಡ್ಡ ಹಕ್ಕಿಗಳಿಗೂ

ನಮ್ಮ ಜಿಲ್ಲೆಯವರಿಗೆ ಮಾಗಡಿ ಕೆರೆ ಗೊತ್ತು. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಪ್ರತಿ ಚಳಿಗಾಲ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ. 2024ರಲ್ಲಿ ಈ ಕೆರೆಗೆ ರಾಮ್‌ಸರ್ ತಾಣದ ಮಾನ್ಯತೆ ಸಿಕ್ಕಿತು.

ನಾವು ಅವನ್ನು ನೋಡೋದು ನವೆಂಬರ್‌ನಿಂದ ಮಾರ್ಚ್ ತನಕ. ಬೇಸಿಗೆಯಲ್ಲಿ, ಅವುಗಳ ಊರಲ್ಲಿ, ಆ ಹೆಬ್ಬಾತುಗಳು ರೆಕ್ಕೆಯ ಹಾರುವ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತವೆ. ಹೊಸ ಗರಿ ಬರೋ ತನಕ, ಸುಮಾರು ಒಂದು ತಿಂಗಳು, ಹಿಮಾಲಯ ದಾಟುವ ಆ ಹಕ್ಕಿಗೆ ಒಂದು ಮಾರು ಹಾರಲೂ ಆಗೋದಿಲ್ಲ. ನೀರಿನ ಆಸರೆಯಲ್ಲೇ ದಿನ ಕಳೆಯುತ್ತವೆ. ಕಪ್ಪತಗುಡ್ಡದ ಗಂಡು ನವಿಲುಗಳೂ ಮಳೆಗಾಲ ಮುಗಿಯುತ್ತ ಬಂದಂತೆ ಉದ್ದನೆಯ ಗರಿ ಕಳಚುತ್ತವೆ.

ಬಜ್ಜಿಯ ಲೆಕ್ಕ ಬೇರೆ. ಅದು ಒಟ್ಟಿಗೇ ಉದುರಿಸೋದಿಲ್ಲ. ಸ್ವಲ್ಪ ಸ್ವಲ್ಪವಾಗಿ, ಎಡಬಲ ಎರಡೂ ಕಡೆ ಸಮನಾಗಿ ಬದಲಾಯಿಸಿಕೊಳ್ಳುತ್ತದೆ, ಹಾರುವ ಶಕ್ತಿ ಉಳಿಸಿಕೊಳ್ಳುತ್ತದೆ. ಈ ವ್ಯತ್ಯಾಸ ನೆನಪಿಡಿ. ಬಜ್ಜಿಗೆ ಬೋಳು ಚರ್ಮ ಕಾಣುತ್ತಿದೆ ಅಂದರೆ, ಅಥವಾ ರೆಕ್ಕೆ-ಬಾಲದ ಉದ್ದ ಗರಿಗಳು ಒಮ್ಮೆಗೇ ಹೋಗಿ ಮರಿಗೆ ಹಾರಲೇ ಆಗುತ್ತಿಲ್ಲ ಅಂದರೆ, ಅದು ಸಹಜವಾದ ಗರಿ ಬದಲಾವಣೆ ಅಲ್ಲ. ಮರಿಗಳಿಗೆ ಹಾಗೆ ಮಾಡುವ ವೈರಸ್‌ಗಳಿವೆ. ಡಾಕ್ಟರಿಗೆ ತೋರಿಸಲೇಬೇಕು.

ತೂಕದ ಲೆಕ್ಕ

ಬಜ್ಜಿಯ ತೂಕ 30ರಿಂದ 40 ಗ್ರಾಂ. ಹಕ್ಕಿಗಳು ಕಾಯಿಲೆ ಮುಚ್ಚಿಡುವುದರಲ್ಲಿ ಜಾಣರು, ಕಾಡಿನಲ್ಲಿ ಸೋತಂತೆ ಕಂಡರೆ ಬೇಟೆಗೆ ಸಿಕ್ಕಂತೆಯೇ. ಗರಿ ಉಬ್ಬಿಸಿಕೊಂಡು ಕೂತರೆ ಒಳಗೆ ಎಷ್ಟು ಸೊರಗಿದೆ ಅಂತ ಕಣ್ಣಿಗೆ ಗೊತ್ತಾಗೋದಿಲ್ಲ. ತಕ್ಕಡಿಗೆ ಗೊತ್ತಾಗುತ್ತದೆ.

ಒಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೇಲೆ ಸಣ್ಣ ಡಬ್ಬಿಯಿಟ್ಟು ಸೊನ್ನೆ ಮಾಡಿ, ಹಕ್ಕಿಯನ್ನು ಕೂರಿಸಿ. ದಿನಾ ಬೆಳಿಗ್ಗೆ ಕಾಳು ಹಾಕುವ ಮೊದಲು, ಒಂದೇ ಹೊತ್ತಿಗೆ. ನನ್ನ ಸ್ಟ್ಯಾಂಡಪ್ ಕಾಲ್ ಒಂಬತ್ತೂವರೆಗೆ, ಪುಟಾಣಿಯದು ಏಳಕ್ಕೆ. ಮೊದಲ ದಿನ 35 ಗ್ರಾಂ. ಅಜ್ಜಿ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಿಂದ ಬರೆದಳು, ಹಾಲಿನ ಲೆಕ್ಕದ ಪಕ್ಕದಲ್ಲೇ.

ನಾಲ್ಕನೇ ದಿನ 34. ಆರನೇ ದಿನ 33. ಗರಿ ಬದಲಾಗುವಾಗ ಸ್ವಲ್ಪ ಏರಿಳಿತ ಇರುತ್ತದೆ. ಆದರೆ ಮೊದಲಿದ್ದ ತೂಕದ ಶೇ 10ರಷ್ಟು ಕಳೆದುಕೊಂಡರೆ ಕಾಯುವಂತಿಲ್ಲ. ಪುಟಾಣಿಗೆ ಆ ಗಡಿ 31.5. ಒಂಬತ್ತನೇ ದಿನ ತಕ್ಕಡಿ 32 ತೋರಿಸಿತು. ಹಕ್ಕಿ ಮಧ್ಯಾಹ್ನವಾದರೂ ಉಬ್ಬಿಕೊಂಡೇ ಕೂತಿತ್ತು.

ಅಜ್ಜಿ ಪೆನ್ಸಿಲ್ ಕೆಳಗಿಟ್ಟಳು. "ಇನ್ನೊಂದು ಜೀವ ಈ ಮನ್ಯಾಗಿಂದ ಹೋಗೂದು ಬ್ಯಾಡೋ ತಮ್ಮಾ" ಅಂದಳು. ಅಜ್ಜ ಹೋದ ಮೇಲೆ ಅವಳ ಬಾಯಲ್ಲಿ ಆ ವಿಷಯ ಬಂದದ್ದು ಅದೇ ಮೊದಲು.

ಪರಿಚಯದವರೊಬ್ಬರು ಫೋನಿನಲ್ಲಿ, ಅಂಗಡಿಯಲ್ಲಿ ಸಿಗುವ ಆ್ಯಂಟಿಬಯೋಟಿಕ್ ಪುಡಿಯನ್ನು ನೀರಿಗೆ ಹಾಕಿ ಅಂದರು. ಹಕ್ಕಿ ಸಾಕುವವರಲ್ಲಿ ಇದು ತುಂಬ ಸಾಮಾನ್ಯವಾದ ಸಲಹೆ, ದಯವಿಟ್ಟು ಕೇಳಬೇಡಿ. ಬ್ಯಾಕ್ಟೀರಿಯಾ ಇಲ್ಲದ ಕಡೆ ಆ ಔಷಧಿಗೆ ಕೆಲಸವಿಲ್ಲ. ನೀರಿಗೆ ಹಾಕಿದರೆ ಹಕ್ಕಿ ಎಷ್ಟು ಕುಡಿಯಿತು ಅನ್ನುವ ಲೆಕ್ಕ ಸಿಗೋದಿಲ್ಲ. ರುಚಿ ಕೆಟ್ಟರೆ ನೀರನ್ನೇ ಬಿಡುತ್ತದೆ. ನಾವು ಸಣ್ಣ ಪೆಟ್ಟಿಗೆಗೆ ಬಟ್ಟೆ ಹಾಸಿ, ಗಾಳಿಗೆ ತೂತು ಬಿಟ್ಟು, ಪುಟಾಣಿಯನ್ನು ಕೂರಿಸಿಕೊಂಡು ಗದಗಿಗೆ ಹೊರಟೆವು. 20 ಕಿಲೋಮೀಟರ್ ದಾರಿಯಲ್ಲಿ ಅಜ್ಜಿ ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಲಿಲ್ಲ.

ಪಶುವೈದ್ಯರು ಎದೆಯ ಮೂಳೆ ಮುಟ್ಟಿ ನೋಡಿದರು. ಅದರ ಎರಡೂ ಬದಿಯ ಮಾಂಸ ಕರಗಿ ಮೂಳೆ ಚಾಕುವಿನಂತೆ ಚೂಪಾಗಿದ್ದರೆ ಹಕ್ಕಿ ಸೊರಗಿದೆ ಎಂದರ್ಥ. ಕೊಕ್ಕಿನ ಬುಡ, ಕಾಲು ನೋಡಿದರು. ಅಲ್ಲಿ ಜೇನುಗೂಡಿನಂಥ ಹೊಕ್ಕು ಕಟ್ಟಿದ್ದರೆ ಅದು ನುಸಿಯ ಕಾಟ. ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ರೋಗದ ಗುರುತು ಸಿಗಲಿಲ್ಲ. "ಔಷಧಿ ಬೇಡ. ಬೆಚ್ಚಗಿಡಿ, ಪ್ರೋಟೀನ್ ಕೊಡಿ. 31ಕ್ಕೆ ಇಳಿದರೆ ಮತ್ತೆ ತನ್ನಿ" ಅಂದರು.

ತತ್ತಿಯ ಪ್ರಶ್ನೆ

ಡಾಕ್ಟರ್ ಹೇಳಿದ ಪ್ರೋಟೀನ್ ಅಂದರೆ ಬೇಯಿಸಿದ ತತ್ತಿ. ಬಜ್ಜಿಗೆ ಗರಿ ಬರುವ ಕಾಲದಲ್ಲಿ ಅದಕ್ಕಿಂತ ಸುಲಭದ ಆಹಾರ ಇಲ್ಲ. ಚೆನ್ನಾಗಿ ಗಟ್ಟಿಯಾಗುವಂತೆ ಬೇಯಿಸಿ, ಪುಡಿ ಮಾಡಿ, ಅರ್ಧ ಚಮಚದಷ್ಟು, ದಿನ ಬಿಟ್ಟು ದಿನ. ಎರಡು ತಾಸಿನ ಮೇಲೆ ಉಳಿದದ್ದನ್ನು ತೆಗೆದುಬಿಡಬೇಕು, ಬೇಗ ಕೆಡುತ್ತದೆ.

ನಮ್ಮದು ಲಿಂಗಾಯತರ ಮನೆ. ಹೊಸ್ತಿಲು ದಾಟಿ ತತ್ತಿ ಬಂದದ್ದಿಲ್ಲ. ಪಕ್ಕದ ಆಯಿ ತಾವೇ ಬೇಯಿಸಿ ಕೊಡ್ತೀನಿ ಅಂದರು. ಅಜ್ಜಿ ಒಪ್ಪಲಿಲ್ಲ. "ನಮ್ಮ ಮನ್ಯಾಗ ಐತಿ, ನಮ್ಮ ಮನಿ ಉಣ್ಣಲಿ." ನಾನು ವಾಪಸ್ ಡಾಕ್ಟರಿಗೆ ಫೋನ್ ಮಾಡಿದೆ. ಮೊಳಕೆ ಕಾಳು ನಡೆಯುತ್ತದೆ, ತೂಕ ಇಳಿಯದಿದ್ದರೆ ಸಾಕು ಅಂದರು.

ಮಡಕಿ ಕಾಳು, ಹೆಸರು ಕಾಳಿನ ಮೊಳಕೆ ಉತ್ತರ ಕರ್ನಾಟಕದ ಅಡುಗೆಮನೆಗೆ ಹೊಸದಲ್ಲ. ಹಕ್ಕಿಗೆ ಕೊಡುವಾಗ ಕೆಲವು ಎಚ್ಚರಿಕೆ ಬೇಕು. ಮೊಳಕೆ ತುದಿ ಕಂಡ ಕೂಡಲೇ ಕೊಡಿ. ಎರಡು-ಮೂರು ಸಲ ತೊಳೆಯಿರಿ. ಸ್ವಲ್ಪ ವಾಸನೆ ಬಂದರೂ ಬಿಸಾಕಿ. ಉಪ್ಪು, ಒಗ್ಗರಣೆ ಇರಬಾರದು. ರಾಜ್ಮಾದಂಥ ದೊಡ್ಡ ಕಾಳನ್ನು ಹಸಿಯಾಗಿ ಕೊಡಲೇಬೇಡಿ, ವಿಷ.

ಕಾಳುಗಳ ವಿಷಯಕ್ಕೆ ಬಂದರೆ ನಮ್ಮ ಸೀಮೆ ಬಜ್ಜಿಗೆ ತವರಿನಂಥದು. ಪ್ಯಾಕೆಟ್‌ನಲ್ಲಿ ಬರುವ ಹಕ್ಕಿ ಕಾಳಿನಲ್ಲಿ ಹೆಚ್ಚಿರೋದು ಸಿರಿಧಾನ್ಯವೇ. ನವಣಿ, ಸಾವಿ, ಸಜ್ಜಿ ನಮ್ಮಲ್ಲಿ ಸೇರಿನ ಲೆಕ್ಕದಲ್ಲಿ ಸಿಗುತ್ತವೆ. ಅಂಗಡಿಯ ಅಕ್ಕಿಯಂತೆ ಸಿಪ್ಪೆ ತೆಗೆದದ್ದಲ್ಲ, ಸಿಪ್ಪೆ ಸಮೇತ ಬೇಕು. ಅದನ್ನು ಸುಲಿದು ತಿನ್ನೋದೇ ಅದರ ದಿನಚರಿ. ಆದರೆ ಬರೀ ಕಾಳು ಸಾಲದು. ಗರಿಗೆ ಬೇಕಾದ ಕೆಲವು ಅಮೈನೋ ಆಮ್ಲ, ವಿಟಮಿನ್ ಎ, ಕ್ಯಾಲ್ಸಿಯಂ ಅದರಲ್ಲಿ ಕಡಿಮೆ. ಅದಕ್ಕೆ ಸೊಪ್ಪು. ಮೆಂತ್ಯ, ಕೊತ್ತಂಬರಿ, ನುಗ್ಗೆ, ತುರಿದ ಗಜ್ಜರಿ ಕೊಡಬಹುದು. ನಮ್ಮ ಹೊಲದ ಬದುವಿನ ಹಕ್ಕರಕಿ ಪುಟಾಣಿಗೆ ಬಲು ಇಷ್ಟವಾಯಿತು. ಔಷಧಿ ಹೊಡೆದ ಹೊಲದ ಸೊಪ್ಪು ಮಾತ್ರ ಬೇಡ. ಕ್ಯಾಲ್ಸಿಯಂಗೆ ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಕೇಳಿ. ಆನ್‌ಲೈನ್‌ನಲ್ಲಿ ಹಕ್ಕಿಗಾಗಿ ಮಾರುವುದೂ ಅದನ್ನೇ.

ಕೊಡಲೇಬಾರದ್ದು: ಉಳ್ಳಾಗಡ್ಡಿ, ಬೆಳ್ಳುಳ್ಳಿ, ಚಾಕಲೇಟ್, ಚಹಾ, ಉಪ್ಪಿನ ತಿಂಡಿ, ಬೆಣ್ಣೆಹಣ್ಣು.

ಬೆಚ್ಚಗೆ, ಕತ್ತಲಲ್ಲಿ, ಹೊಗೆಯಿಲ್ಲದೆ

ಆಷಾಢದ ಗಾಳಿ ಅಂದರೆ ಡಂಬಳದವರಿಗೆ ಹೇಳಬೇಕಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿರೋದು ಸುಮ್ಮನೆ ಅಲ್ಲ. ಕಿಟಕಿಯಿಂದ ನೇರವಾಗಿ ಬೀಸುವ ಗಾಳಿ ಗರಿ ತೆಳ್ಳಗಾದ ಹಕ್ಕಿಗೆ ಆಗೋದಿಲ್ಲ. ಪಂಜರವನ್ನು ಒಳಗೋಡೆಯ ಪಕ್ಕಕ್ಕೆ ಸರಿಸಿದೆವು. ರಾತ್ರಿ ಅಜ್ಜಿಯ ಹಳೆ ಕೌದಿಯನ್ನು ಮೂರು ಕಡೆ ಹೊದಿಸಿ, ಒಂದು ಕಡೆ ಉಸಿರಾಟಕ್ಕೆ ಬಿಟ್ಟೆವು.

ನಿದ್ದೆ ದಿನಕ್ಕೆ 10ರಿಂದ 12 ತಾಸು ಬೇಕು, ಕತ್ತಲಲ್ಲಿ. ರಾತ್ರಿ ಹನ್ನೊಂದರ ತನಕ ಅಮೆರಿಕದವರ ಜೊತೆ ಮೀಟಿಂಗ್ ಇರೋರು ಪಂಜರವನ್ನು ಇನ್ನೊಂದು ಕೋಣೆಗೆ ಸಾಗಿಸಿ.

ಹೊಗೆ ಬಗ್ಗೆ ಒಂದು ಮಾತು. ಹಕ್ಕಿಯ ಉಸಿರಾಟದ ವ್ಯವಸ್ಥೆ ನಮಗಿಂತ ಎಷ್ಟೋ ಸೂಕ್ಷ್ಮ. ಊದಿನಕಡ್ಡಿ, ಕರ್ಪೂರ, ಸೊಳ್ಳೆ ಬತ್ತಿ ಇರುವ ಕೋಣೆಯಲ್ಲಿ ಪಂಜರ ಬೇಡ. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾಯ್ದಾಗ ಬರುವ ಹೊಗೆ ಹಕ್ಕಿಯನ್ನು ಕೆಲವೇ ನಿಮಿಷದಲ್ಲಿ ಕೊಲ್ಲಬಲ್ಲದು. ಅಜ್ಜಿಯ ಪೂಜೆ ನಿಲ್ಲಲಿಲ್ಲ. ಧೂಪ ಹಾಕುವಾಗ ಪುಟಾಣಿ ಹಿತ್ತಲ ಕೋಣೆಗೆ ಹೋಗುತ್ತಿತ್ತು.

ಮೈ ತುರಿಕೆಗೆ ಸ್ನಾನ ಒಳ್ಳೆಯದು. ತಾಟಿನಲ್ಲಿ ಒಂದು ಬೆರಳು ಅಗಲದಷ್ಟು ಉಗುರುಬೆಚ್ಚಗಿನ ನೀರು ಇಡಿ. ಸೋಪು ಬೇಡ. ಬಿಸಿಲಿರುವ ಹೊತ್ತಲ್ಲಿ, ಸಂಜೆಯೊಳಗೆ ಒಣಗುವಂತೆ. ಇಳಿಯಲು ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ.

ತಲೆಯ ಮೇಲಿನ ಮುಳ್ಳಿಗೆ ಅದರ ಕೊಕ್ಕು ಎಟಕುವುದಿಲ್ಲ. ಜೋಡಿ ಇದ್ದರೆ ಒಂದಕ್ಕೊಂದು ಬಿಡಿಸಿಕೊಳ್ಳುತ್ತವೆ. ಒಂಟಿ ಹಕ್ಕಿ ಕಡ್ಡಿಗೆ ತಲೆ ಉಜ್ಜುತ್ತದೆ. ಒಪ್ಪಿದರೆ ನೀವೇ ಬೆರಳ ತುದಿಯಿಂದ ಮೆಲ್ಲಗೆ ಹೊರಳಿಸಿ ಬಿಡಿಸಬಹುದು. ಆದರೆ ಪೂರ್ತಿ ಒಣಗಿ ಬೆಳ್ಳಗಾದ ಕವಚ ಮಾತ್ರ. ಬುಡ ಕಪ್ಪಗೋ ಕೆಂಪಗೋ ಕಂಡರೆ ಒಳಗೆ ರಕ್ತವಿದೆ, ನೋವಾಗುತ್ತದೆ. ಅಂಥ ಎಳೆಗರಿ ಮುರಿದು ರಕ್ತ ಬಂದರೆ ಸ್ವಚ್ಛ ಬಟ್ಟೆಯಿಂದ ಒತ್ತಿಹಿಡಿಯಿರಿ, ಕಾರ್ನ್‌ಫ್ಲೋರ್ ಹಚ್ಚಿ. ನಿಲ್ಲದಿದ್ದರೆ ತಡ ಮಾಡದೆ ಡಾಕ್ಟರ್ ಬಳಿ ಹೋಗಿ. 35 ಗ್ರಾಂ ಜೀವಕ್ಕೆ ಹನಿ ರಕ್ತವೂ ದೊಡ್ಡದು.

ಯಾವಾಗ ಕಾಯಬಾರದು?

ದಿನವಿಡೀ ಉಬ್ಬಿಕೊಂಡು ಪಂಜರದ ತಳದಲ್ಲಿ ಕೂತರೆ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡಿದರೆ. ಹಿಕ್ಕೆ ನೀರಾಗಿದ್ದರೆ, ಬಣ್ಣ ಬದಲಾದರೆ. ಚರ್ಮ ಬೋಳಾಗಿ ಕಂಡರೆ. ಅರ್ಧ ದಿನ ಏನೂ ತಿನ್ನದಿದ್ದರೆ. ತೂಕ ಶೇ 10ರಷ್ಟು ಇಳಿದರೆ. ಇದರಲ್ಲಿ ಒಂದಿದ್ದರೂ ಹೊರಡಿ. ಹಕ್ಕಿ ನೋಡುವ ಡಾಕ್ಟರ್ ಹತ್ತಿರದಲ್ಲಿ ಗೊತ್ತಿಲ್ಲದಿದ್ದರೆ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಹೆಬ್ಬಾಳ, ಗದಗ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಇವೆ.

ಗದಗಿನಿಂದ ಬಂದ ಮರುದಿನ ತೂಕ 32. ಅದರ ಮರುದಿನವೂ 32. ಇಳಿಯಲಿಲ್ಲ, ಏರಲೂ ಇಲ್ಲ. ಆ ಸಂಜೆ ಅಜ್ಜಿ ಕಾಳು ತೊಳೆಯುತ್ತ, ನನ್ನ ಮುಖ ನೋಡದೆ ಅಂದಳು, "ನಾಳೆ ಇಳಿದ್ರ ಆಯಿಗೆ ಹೇಳಿ ತತ್ತಿ ತರಸು." ಅವಳ ಎಂಬತ್ತು ವರ್ಷದ ಮಡಿ ಎಷ್ಟು ಗಟ್ಟಿ ಅಂತ ನನಗೆ ಗೊತ್ತು. ನಾನು ಏನೂ ಮಾತಾಡಲಿಲ್ಲ.

ಮರುದಿನ 33. ತತ್ತಿ ಬೇಕಾಗಲಿಲ್ಲ. ವಾರದಲ್ಲಿ 34, ಶ್ರಾವಣ ಹಿಡಿಯುವ ಹೊತ್ತಿಗೆ 36. ಹಣೆ ಹಳದಿಯಾಯಿತು, ಎದೆಯ ಹಸಿರು ಹೊಳೆಯತೊಡಗಿತು, ನಸುಕಿನ ಐದಕ್ಕೇ ಕೂಗು ಶುರುವಾಯಿತು. ಅಪ್ಪನಿಗೆ ಈಗ ಅದೇ ತಕರಾರು.

ಬೆಳೆದ ಬಜ್ಜಿ ಮುಂದೆಯೂ ಆಗಾಗ ಗರಿ ಬದಲಾಯಿಸುತ್ತಲೇ ಇರುತ್ತದೆ. ಶುರುವಾದ ದಿನಾಂಕ, ಮೊದಲ ದಿನದ ತೂಕ ಬರೆದಿಡಿ. ಮುಂದಿನ ಸಲ ನಿಮ್ಮ ಹಕ್ಕಿಯ ರೂಢಿ ಯಾವುದು ಅಂತ ಹೋಲಿಸಿ ನೋಡಲು ಅದೇ ಆಧಾರ.

ನವೆಂಬರ್‌ನಲ್ಲಿ ಅಜ್ಜಿಯನ್ನು ಮಾಗಡಿ ಕೆರೆಗೆ ಕರೆದುಕೊಂಡು ಹೋಗಬೇಕು ಅಂತ ಮಾಡಿದ್ದೇನೆ. ಹೊಸ ರೆಕ್ಕೆ ಕಟ್ಟಿಕೊಂಡು ಬಂದ ಹೆಬ್ಬಾತು ನೋಡೋಕೆ. ಬರ್ತೀನಿ ಅಂದಿದ್ದಾಳೆ. ಆದರೆ ಒಂದು ಷರತ್ತು: ಅವತ್ತು ಬೆಳಿಗ್ಗೆ ಪುಟಾಣಿಯ ತೂಕ ಬರೆದ ಮೇಲೇ ಕಾರು ಹತ್ತೋದಂತೆ.